ಲಿಮಾದಿಂದ ಬ್ಯೂನಸ್ ಐರಿಸ್‌ಗೆ ಬಸ್ಸಿನಲ್ಲಿ: ಭಾರತೀಯ ಪಾಸ್‌ಪೋರ್ಟ್ ಹಿಡಿದು ಗಡಿ ದಾಟುವ ಬಗೆ

ಪ್ರಶ್ನೆ: ನನಗೆ 34 ವರ್ಷ, ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ. ಬರುವ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ರಜೆ ಹಾಕಿ ಹೆಂಡತಿಯೊಂದಿಗೆ ದಕ್ಷಿಣ ಅಮೆರಿಕ ಸುತ್ತಬೇಕೆಂದಿದ್ದೇನೆ. ಲಿಮಾದಲ್ಲಿ ವಿಮಾನ ಇಳಿದು ಅದೇ ರಾತ್ರಿ ಬಸ್ ಹಿಡಿದು ಕುಸ್ಕೋ, ಅಲ್ಲಿಂದ ಪುನೋ, ಲಾ ಪಾಜ್, ಉಯುನಿ, ಚಿಲಿಯ ಸ್ಯಾನ್ ಪೆಡ್ರೊ, ಸ್ಯಾಂಟಿಯಾಗೊ, ಮೆಂಡೋಜಾ, ಕೊನೆಗೆ ಬ್ಯೂನಸ್ ಐರಿಸ್. ಎಲ್ಲವೂ ಬಸ್ಸಿನಲ್ಲೇ. ನನ್ನ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಅಮೆರಿಕ ವೀಸಾ ಇದೆ, ಹೆಂಡತಿಗೆ ಇಲ್ಲ. ಅಮೆರಿಕ ವೀಸಾ ಇದ್ದರೆ ಇಡೀ ಖಂಡಕ್ಕೆ ಸಾಕು, ಉಳಿದದ್ದು ಗಡಿಯಲ್ಲೇ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಅಮ್ಮ ಮಾತ್ರ ಪ್ರಪಾತದ ಅಂಚಿನಲ್ಲಿ ಬಸ್ ಹೋಗುವ ವಿಡಿಯೊ ನೋಡಿ ಬೇಡವೇ ಬೇಡ ಎನ್ನುತ್ತಿದ್ದಾರೆ. ದರೋಡೆಯ ಭಯ ಬೇರೆ. ನಾವಿಬ್ಬರೂ ಕುಮಾರಪರ್ವತ ಹತ್ತಿದವರು, ಆರೋಗ್ಯದ ತೊಂದರೆ ಏನೂ ಇಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ನೇರ ಬಸ್ಸಿನ ಟಿಕೆಟ್ ತೆಗೆದುಕೊಳ್ಳುವುದೋ, ಗಡಿಯವರೆಗೆ ಒಂದು, ದಾಟಿದ ಮೇಲೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಹೋಗುವುದೋ? ನಾವು ಸಸ್ಯಾಹಾರಿಗಳು.

ಉತ್ತರ: ನಿಮ್ಮ ಪತ್ರದಲ್ಲಿ ಭಯ ಬಸ್ಸಿನ ಮೇಲಿದೆ, ಧೈರ್ಯ ಪಾಸ್‌ಪೋರ್ಟಿನ ಮೇಲೂ ಕುಮಾರಪರ್ವತದ ಮೇಲೂ ಇದೆ. ಭಾರತೀಯರಿಗೆ ಈ ದಾರಿಗಳನ್ನು ಹಾಕಿಕೊಡುವ ಕೆಲಸದಲ್ಲಿ ನಾನು ಕಂಡದ್ದು ಇದರ ತಿರುವುಮುರುವು. ಪ್ರವಾಸ ಅರ್ಧಕ್ಕೆ ನಿಲ್ಲುವುದು ಬಹುತೇಕ ವೀಸಾದ ಕಾಗದದಿಂದ ಅಥವಾ ಎತ್ತರದ ತಲೆನೋವಿನಿಂದ. ಬಸ್ಸು ಈ ಮೂರರಲ್ಲಿ ಸುಲಭದ್ದು. ಆದರೂ ಮನೆಯಲ್ಲಿ ಒಪ್ಪಿಗೆ ಸಿಗಬೇಕಾದದ್ದು ಅದಕ್ಕೇ ಆದ್ದರಿಂದ ಮೊದಲು ನಿಮ್ಮ ತಾಯಿಯವರ ಮಾತನ್ನೇ ಎತ್ತಿಕೊಳ್ಳುತ್ತೇನೆ.

ಅವರು ನೋಡಿದ ವಿಡಿಯೊ ಬಹುಶಃ ಬೊಲಿವಿಯಾದ ಯುಂಗಾಸ್ ರಸ್ತೆಯದು. ಲಾ ಪಾಜ್‌ನಿಂದ ಕೊರೊಯ್ಕೊ ಎಂಬ ಊರಿಗೆ ಇಳಿಯುವ, ‘ಸಾವಿನ ರಸ್ತೆ’ ಎಂದು ಹೆಸರಾದ ಮಣ್ಣುದಾರಿ. 2006ರ ಹೊತ್ತಿಗೆ ಅದಕ್ಕೆ ಬದಲಿಯಾಗಿ ಹೊಸ ಡಾಂಬರು ರಸ್ತೆ ಬಂತು. ಹಳೆಯದರಲ್ಲಿ ಈಗ ಓಡಾಡುವವರು ಹೆಚ್ಚಾಗಿ ಸೈಕಲ್ ಹತ್ತಿದ ಪ್ರವಾಸಿಗರು. ನಿಮ್ಮ ದಾರಿ ಆ ದಿಕ್ಕಿಗೆ ಹೋಗುವುದೇ ಇಲ್ಲ. ಪುನೋದಿಂದ ಲಾ ಪಾಜ್, ಲಾ ಪಾಜ್‌ನಿಂದ ಉಯುನಿ, ಎರಡೂ ಡಾಂಬರು ರಸ್ತೆಗಳು, ಬಹುಪಾಲು ಸಪಾಟು ಪ್ರಸ್ಥಭೂಮಿಯ ಮೇಲೆ ಸಾಗುತ್ತವೆ. ಹಾಗೆಂದು ಅಪಾಯ ಸುಳ್ಳು ಎನ್ನಲಾರೆ. 2018ರ ಜನವರಿಯಲ್ಲಿ ಲಿಮಾದ ಉತ್ತರಕ್ಕಿರುವ ಪಸಮಾಯೊದಲ್ಲಿ ಬಸ್ಸೊಂದು ಕಡಲಂಚಿನ ಬಂಡೆಯಿಂದ ಉರುಳಿ 50 ದಾಟಿ ಜನ ಸತ್ತರು. ಆಂಡಿಸ್‌ನಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಕಾರಣ ಕೇಳಿದರೆ ನಮ್ಮ ಘಾಟಿಗಳಲ್ಲಿ ಕೇಳಿಬರುವವೇ: ನಿದ್ದೆಗೆಟ್ಟ ಚಾಲಕ, ತಿರುವಿನಲ್ಲಿ ಓವರ್‌ಟೇಕ್, ಮಂಜು, ಮಳೆಗಾಲದಲ್ಲಿ ಜರಿಯುವ ಗುಡ್ಡ. ನೀವು ಹೋಗುವ ಜೂನ್–ಜುಲೈ ಅಲ್ಲಿ ಒಣ ಚಳಿಗಾಲ, ಗುಡ್ಡ ಜರಿಯುವ ತಿಂಗಳು ಡಿಸೆಂಬರ್‌ನಿಂದ ಮಾರ್ಚ್. ಅಷ್ಟು ಮಟ್ಟಿಗೆ ನೆಮ್ಮದಿ.

ಉಳಿದದ್ದು ನಿಮ್ಮ ಕೈಯಲ್ಲಿದೆ. ಬೆಟ್ಟದ ದಾರಿಯನ್ನು ಆದಷ್ಟು ಹಗಲಿನಲ್ಲೇ ದಾಟಿ. ಕುಸ್ಕೋದಿಂದ ಪುನೋಗೆ ಸುಮಾರು 390 ಕಿಲೋಮೀಟರ್, ಆರೇಳು ಗಂಟೆ. ಇದನ್ನು ರಾತ್ರಿ ಮಲಗಿ ಕಳೆಯುವವರು ಹೋಟೆಲ್ ಬಾಡಿಗೆ ಉಳಿಸುತ್ತಾರೆ, ಆಂಡಿಸ್‌ನ ಅತಿ ಚೆಂದದ ದಾರಿಗಳಲ್ಲೊಂದನ್ನು ಕಳೆದುಕೊಳ್ಳುತ್ತಾರೆ. ಟಿಕೆಟನ್ನು ಬಸ್ ನಿಲ್ದಾಣದ ಕಿಟಕಿಯಲ್ಲಿ ಅಥವಾ ಕಂಪನಿಯ ಸ್ವಂತ ತಾಣದಲ್ಲೇ ಕೊಳ್ಳಿ. ಲಿಮಾದಲ್ಲಿ ನಮ್ಮ ಮೆಜೆಸ್ಟಿಕ್‌ನಂತೆ ಎಲ್ಲರೂ ಸೇರುವ ಒಂದೇ ನಿಲ್ದಾಣವಿಲ್ಲ; ದೊಡ್ಡ ಕಂಪನಿಗಳಿಗೆ ಅವರವರದೇ ನಿಲ್ದಾಣ. ಒಳ್ಳೆಯ ಕಂಪನಿಗಳು ಪಾಸ್‌ಪೋರ್ಟ್ ಸಂಖ್ಯೆ ಬರೆದುಕೊಂಡು, ಹತ್ತಿದ ಪ್ರಯಾಣಿಕರ ವಿಡಿಯೊ ತೆಗೆದುಕೊಂಡು ಹೊರಡುತ್ತವೆ, ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿಕೊಳ್ಳುವುದಿಲ್ಲ. ದುಡ್ಡು ಹೆಚ್ಚು ಕೊಡುವುದು ಅದಕ್ಕೇ, ಸೀಟಿನ ಮೆತ್ತೆಗಲ್ಲ. ‘ಸೆಮಿ ಕಾಮಾ’ ಎಂದರೆ ಅರೆ ಒರಗುವ ಸೀಟು, ‘ಕಾಮಾ’ ಎಂದರೆ ಇನ್ನೂ ಹೆಚ್ಚು ಒರಗುವಂಥದ್ದು. ಮೇಲಂತಸ್ತಿನ ಮುಂದಿನ ಸಾಲು ನೋಟಕ್ಕೆ ಸೊಗಸು. ಎದುರಿನಿಂದ ಏನಾದರೂ ಬಡಿದರೆ ಮೊದಲ ಪೆಟ್ಟು ಅಲ್ಲಿಗೇ. ನಾನು ಕೆಳ ಅಂತಸ್ತಿನ ನಡುವೆ ಕೂರುತ್ತೇನೆ, ಬೆಲ್ಟ್ ಹಾಕಿಕೊಂಡು.

ದರೋಡೆಯ ವಿಚಾರ. ಬಂದೂಕು ಹಿಡಿದು ಬಸ್ ತಡೆದ ಕಥೆಗಳು ಇಲ್ಲವೆಂದಲ್ಲ. ಆದರೆ ಪ್ರವಾಸಿಗರ ವಸ್ತು ಹೋಗುವುದು ಸಾಮಾನ್ಯವಾಗಿ ನಿಲ್ದಾಣದಲ್ಲಿ, ಬಹಳ ಸಭ್ಯವಾದ ರೀತಿಯಲ್ಲಿ. ಯಾರೋ ನಿಮ್ಮ ಅಂಗಿಗೆ ಏನನ್ನೋ ಚೆಲ್ಲುತ್ತಾರೆ, ಇನ್ಯಾರೋ ಒರೆಸಲು ಬರುತ್ತಾರೆ, ಅಷ್ಟರಲ್ಲಿ ಕಾಲ ಬಳಿಯಿದ್ದ ಚೀಲ ಇಲ್ಲ. ಬಸ್ಸಿನೊಳಗೆ ತಲೆಯ ಮೇಲಿನ ಹಲಗೆಯಲ್ಲಿ ಇಟ್ಟದ್ದೂ, ಸೀಟಿನ ಕೆಳಗೆ ತಳ್ಳಿದ್ದೂ ನಿದ್ದೆಯಲ್ಲಿ ಹೋಗುತ್ತದೆ. ಪಾಸ್‌ಪೋರ್ಟ್, ದುಡ್ಡು, ಫೋನ್ ಮೈಮೇಲಿರಲಿ. ದೊಡ್ಡ ಚೀಲ ಬಸ್ಸಿನ ಹೊಟ್ಟೆಯೊಳಗೆ ಹೋಗುವಾಗ ಕೊಡುವ ಚೀಟಿ ಜೋಪಾನ. ಲಾ ಪಾಜ್‌ನಲ್ಲಿ ಸಾದಾ ಬಟ್ಟೆಯವರು ಬಂದು ತಾವು ಪೊಲೀಸರು, ಪಾಸ್‌ಪೋರ್ಟ್ ನೋಡಬೇಕು, ಟ್ಯಾಕ್ಸಿ ಹತ್ತಿ ಎಂದರೆ ಹತ್ತಬೇಡಿ; ಹತ್ತಿರದ ಹೋಟೆಲಿನೊಳಗೆ ನಡೆದುಬಿಡಿ. ಮಧ್ಯರಾತ್ರಿ ಹೊಸ ಊರಿಗೆ ಮುಟ್ಟುವ ಬಸ್ ಅಗ್ಗವೆಂದು ಹಿಡಿಯಬೇಡಿ.

ಈಗ ಕಾಗದ. ಅಮೆರಿಕ ವೀಸಾ ಇಡೀ ಖಂಡದ ಬೀಗದ ಕೈ ಎಂಬ ನಂಬಿಕೆ ಅರ್ಧ ಸತ್ಯ, ಆದ್ದರಿಂದಲೇ ಪೂರ್ತಿ ಸುಳ್ಳಿಗಿಂತ ಹೆಚ್ಚು ಕಾಡುತ್ತದೆ. ಯುರೋಪಿನಂತೆ ಇಲ್ಲಿ ಒಂದೇ ವೀಸಾದಲ್ಲಿ ಹಲವು ದೇಶ ಸುತ್ತುವ ವ್ಯವಸ್ಥೆ ನಮಗಿಲ್ಲ. ಪೆರು, ಬೊಲಿವಿಯಾ, ಚಿಲಿ, ಅರ್ಜೆಂಟೀನಾದವರು ತಮ್ಮತಮ್ಮೊಳಗೆ ಗುರುತಿನ ಚೀಟಿ ತೋರಿಸಿಯೇ ಗಡಿ ದಾಟುತ್ತಾರೆ. ಬೆನ್ನುಚೀಲ ಹೊತ್ತು ಬರುವ ಯುರೋಪಿನವರಿಗೆ ಬಹುತೇಕ ಕಡೆ ವೀಸಾ ಬೇಡ. ಹಾಗಾಗಿ ಬಸ್ಸಿನ ಸಹಾಯಕನಿಗೂ ಹಾಸ್ಟೆಲ್ ಮಾಲೀಕನಿಗೂ ವೀಸಾ ಎಂಬುದೊಂದು ಸಮಸ್ಯೆಯೆಂದೇ ಹೊಳೆಯುವುದಿಲ್ಲ. ‘ಏನೂ ತೊಂದರೆ ಇಲ್ಲ’ ಎಂದು ಅವರು ಹೇಳುವುದು ಮೋಸ ಮಾಡಲು ಅಲ್ಲ. ಅವರು ಕಂಡ ಪ್ರಯಾಣಿಕರಿಗೆ ತೊಂದರೆ ಆಗಿಲ್ಲ, ಅಷ್ಟೆ. ನೀವು ಓದುವ ಪ್ರವಾಸ ಬರಹಗಳಲ್ಲೂ ಮುಕ್ಕಾಲು ಅಂಥವರವೇ.

ನಿಮ್ಮ ಮಟ್ಟಿಗೆ ಲೆಕ್ಕ ಹೀಗಿದೆ. ಪೆರು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಪ್ರವಾಸಿ ವೀಸಾ ಬೇಡ. ಆದರೆ ಆ ವೀಸಾದಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನಿಮ್ಮ ಹತ್ತು ವರ್ಷದ್ದು ಮುಗಿಯುವ ದಿನ ಯಾವುದು, ಇವತ್ತೇ ತೆಗೆದು ನೋಡಿ. ಅರ್ಜೆಂಟೀನಾ: 2025ರ ಆಗಸ್ಟ್‌ನಿಂದ ಅಮೆರಿಕ ವೀಸಾ ಇರುವ ಭಾರತೀಯರಿಗೆ ಪ್ರವಾಸಕ್ಕೆ ಪ್ರತ್ಯೇಕ ವೀಸಾ ಬೇಕಿಲ್ಲ. ಈ ಸವಲತ್ತು ವೀಸಾ ಹೊಂದಿದವರಿಗೆ ಮಾತ್ರ. ನಿಮ್ಮ ಜೊತೆಗೆ ಬಂದ ಮಾತ್ರಕ್ಕೆ ನಿಮ್ಮ ಹೆಂಡತಿಗೆ ಸಿಗುವುದಿಲ್ಲ. ಅವರು ಎರಡೂ ದೇಶಗಳ ವೀಸಾವನ್ನು ಭಾರತದಲ್ಲೇ ಪಡೆದುಕೊಂಡು ಹೊರಡಬೇಕು. ಯುರೋಪಿನ ಸಣ್ಣ ಅವಧಿಯ ಷೆಂಗೆನ್ ವೀಸಾ ಮಾಡಿಸಿಕೊಂಡು ಪೆರು ದಾಟಿಬಿಡೋಣ ಎಂಬ ಉಪಾಯವನ್ನು ಕೆಲವರು ಹೇಳುತ್ತಾರೆ. ಆರು ತಿಂಗಳ ಷರತ್ತಿನ ಮುಂದೆ ಅದು ನಿಲ್ಲುವುದಿಲ್ಲ. ಚಿಲಿ: ಇಬ್ಬರೂ ಮುಂಚೆಯೇ ವೀಸಾ ಪಡೆದಿರಿ.

ಬೊಲಿವಿಯಾ ಬೇರೆ ಬಗೆ. ಆ ದೇಶ ವಿದೇಶಿಯರನ್ನು ಗುಂಪುಗಳಾಗಿ ಹಂಚಿದೆ, ಭಾರತ ಎರಡನೆಯ ಗುಂಪಿನಲ್ಲಿದೆ. ಈ ಗುಂಪಿನವರಿಗೆ ಗಡಿಯಲ್ಲೂ ವೀಸಾ ಕೊಡುವ ಪದ್ಧತಿ ಇದೆ ಎಂಬುದು ನಿಜ, ನಿಮ್ಮ ಗೆಳೆಯರು ಹೇಳಿದ್ದು ಇದನ್ನೇ ಇರಬೇಕು. ಆದರೆ ಗಡಿಯ ಅಧಿಕಾರಿ ಹಳದಿ ಜ್ವರದ ಲಸಿಕೆ ಪತ್ರ, ಹೋಟೆಲ್ ಕಾಯ್ದಿರಿಸಿದ್ದು, ಮುಂದಿನ ಪ್ರಯಾಣದ ಟಿಕೆಟ್, ಬ್ಯಾಂಕ್ ವಿವರ, ಭಾವಚಿತ್ರ, ಎಲ್ಲದರ ಪ್ರತಿ ಕೇಳುತ್ತಾನೆ. ಶುಲ್ಕಕ್ಕೆ ಸುಕ್ಕಿಲ್ಲದ, ಹರಿಯದ ಡಾಲರ್ ನೋಟು ಬೇಕು. ಟಿಟಿಕಾಕಾ ಸರೋವರದ ದಂಡೆಯ ಸಣ್ಣ ಗಡಿ ಕಚೇರಿಯಲ್ಲಿ ಜೆರಾಕ್ಸ್ ಅಂಗಡಿ ಮುಚ್ಚಿದ್ದರೆ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು, ನಲವತ್ತು ಜನರ ಬಸ್ಸು ನಿಮ್ಮಿಬ್ಬರಿಗಾಗಿ ಕಾಯುವುದಿಲ್ಲ. ಆದ್ದರಿಂದ ಭಾರತದಿಂದಲೇ ಮಾಡಿಸಿಕೊಳ್ಳಿ. ಆಗದಿದ್ದರೆ ಕುಸ್ಕೋ ಅಥವಾ ಪುನೋದ ಬೊಲಿವಿಯಾ ಕಾನ್ಸುಲೇಟಿನಲ್ಲಿ ಮಾಡಿಸಿ, ಅದಕ್ಕೆ ಶನಿವಾರ, ಭಾನುವಾರ ಬಿಟ್ಟು ಎರಡು ದಿನ ಎತ್ತಿಡಿ. ಗಡಿಯಲ್ಲೇ ನೋಡೋಣ ಎಂಬುದು ಮೂರನೆಯ ಆಯ್ಕೆ, ನಾನಾಗಿ ಯಾರಿಗೂ ಹೇಳುವುದಿಲ್ಲ.

ವೀಸಾ ನಿಯಮಗಳು ಆ ದೇಶಗಳಲ್ಲಿ ಸರ್ಕಾರ ಬದಲಾದಂತೆ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ಮೊದಲು ಆಯಾ ದೂತಾವಾಸಕ್ಕೆ ಮಿಂಚಂಚೆ ಬರೆದು, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಬಂದರೆ ಇನ್ನೂ ಒಳ್ಳೆಯದು. ಭಾರತೀಯ ಪಾಸ್‌ಪೋರ್ಟನ್ನು ವರ್ಷಕ್ಕೆ ಬೆರಳೆಣಿಕೆಯಷ್ಟು ಬಾರಿ ನೋಡುವ ಅಧಿಕಾರಿಯ ಮುಂದೆ ಆ ಒಂದು ಹಾಳೆ ಅರ್ಧ ಗಂಟೆಯ ವಾದವನ್ನು ಉಳಿಸುತ್ತದೆ.

ಇಲ್ಲಿ ನಿಮ್ಮ ದಾರಿಯನ್ನೇ ಬದಲಿಸಿ ಎಂದು ಹೇಳಬೇಕಾಗಿದೆ. ಸ್ಯಾಂಟಿಯಾಗೊದಿಂದ ಮೆಂಡೋಜಾಕ್ಕೆ ಹೋಗುವ ಬಸ್ಸು 6,961 ಮೀಟರಿನ ಅಕೊಂಕಾಗುವಾ ಶಿಖರದ ಹತ್ತಿರ, ಸುಮಾರು 3,200 ಮೀಟರ್ ಎತ್ತರದ ಸುರಂಗದ ಮೂಲಕ ಆಂಡಿಸ್ ದಾಟುತ್ತದೆ. ಅದ್ಭುತ ದಾರಿ, ಆದರೆ ಬೇಸಿಗೆಯಲ್ಲಿ. ಜೂನ್–ಜುಲೈನಲ್ಲಿ ಹಿಮ ಬಿದ್ದರೆ ಒಂದು ದಿನ, ಕೆಲವೊಮ್ಮೆ ದಿನಗಟ್ಟಲೆ ಮುಚ್ಚಿರುತ್ತದೆ. ಕೊನೆಯಲ್ಲಿ ವಿಮಾನ ಹಿಡಿಯಬೇಕಾದವರು ಅದನ್ನು ನೆಚ್ಚಿಕೊಳ್ಳುವುದು ಜೂಜು. ಉಯುನಿಯಿಂದ ದಕ್ಷಿಣಕ್ಕೆ ತುಪಿಸಾ, ಅಲ್ಲಿಂದ ಗಡಿಯೂರು ವಿಯಾಸೋನ್. ಸೇತುವೆಯ ಮೇಲೆ ನಡೆದು ದಾಟಿದರೆ ಅರ್ಜೆಂಟೀನಾದ ಲಾ ಕಿಯಾಕಾ. ಮುಂದೆ ಬಣ್ಣಬಣ್ಣದ ಬೆಟ್ಟಗಳ ಹುಮಾವಾಕಾ ಕಣಿವೆ, ಸಾಲ್ಟಾ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಇಪ್ಪತ್ತು ಗಂಟೆಯ ಆಸುಪಾಸಿನಲ್ಲಿ ಬ್ಯೂನಸ್ ಐರಿಸ್. ಹೀಗೆ ಹೋದರೆ ಚಿಲಿ ಪೂರ್ತಿ ತಪ್ಪುತ್ತದೆ, ಇಬ್ಬರಿಗೂ ಒಂದೊಂದು ವೀಸಾ ಉಳಿಯುತ್ತದೆ, ಹಿಮದ ಭಯವೂ ಬಹುತೇಕ ಹೋಗುತ್ತದೆ. ಕಳೆದುಕೊಳ್ಳುವುದು ಅಟಕಾಮಾ ಮರುಭೂಮಿಯನ್ನು. ಅದು ಸಣ್ಣ ನಷ್ಟವಲ್ಲ, ಒಪ್ಪುತ್ತೇನೆ. ಉಯುನಿಯ ಉಪ್ಪಿನ ಬಯಲಿನಿಂದ ಮೂರು ದಿನ ಜೀಪಿನಲ್ಲಿ ಬಣ್ಣದ ಸರೋವರಗಳನ್ನು ನೋಡುತ್ತ ಹಿಟೊ ಕಹೋನ್ ಗಡಿಯಲ್ಲಿ ಚಿಲಿಗೆ ಇಳಿಯುವ ದಾರಿಗೆ ಸಾಟಿ ಕಡಿಮೆ. ಅಟಕಾಮಾ ಬಿಡಲಾರೆವು ಎಂದಾದರೆ ಚಿಲಿ ವೀಸಾ ಮಾಡಿಸಿ, ಸ್ಯಾಂಟಿಯಾಗೊದಲ್ಲೇ ಪ್ರವಾಸ ಮುಗಿಸಿ ಮನೆಗೆ ಬನ್ನಿ. ಎರಡೂ ಬೇಕು ಎಂದು ನಲವತ್ತು ದಿನದೊಳಗೆ ತುರುಕಬೇಡಿ.

ಚಿಲಿಗೆ ಹೋಗುವುದಾದರೆ ಚೀಲದೊಳಗಿನ ತಿಂಡಿಯ ಬಗ್ಗೆ ಒಂದು ಮಾತು. ಅವರ ಕೃಷಿ ತಪಾಸಣೆ ಬಹಳ ಬಿಗಿ. ಹಣ್ಣು, ಬೀಜ, ಜೇನು, ಹಾಲಿನ ಪದಾರ್ಥ ಯಾವುದಿದ್ದರೂ ಘೋಷಣಾ ಪತ್ರದಲ್ಲಿ ಬರೆಯಬೇಕು. ಮನೆಯಿಂದ ತಂದ ಚಟ್ನಿಪುಡಿ, ತುಪ್ಪದ ಉಂಡೆ, ಉಪ್ಪಿನಕಾಯಿ ಇದ್ದರೆ ‘ಇದೆ’ ಎಂದೇ ಬರೆಯಿರಿ. ಬರೆದರೆ ಹೆಚ್ಚೆಂದರೆ ಉಂಡೆ ಹೋಗುತ್ತದೆ. ಬರೆಯದೆ ಸಿಕ್ಕಿಬಿದ್ದರೆ ದೊಡ್ಡ ದಂಡ. ಅಲ್ಲಿ ಗಡಿಯಲ್ಲಿ ಕೊಡುವ ಸಣ್ಣ ಚೀಟಿಯನ್ನು ದೇಶ ಬಿಡುವವರೆಗೂ ಕಳೆಯಬಾರದು.

ನೇರ ಬಸ್ಸೋ ಬಿಡಿಬಿಡಿಯೋ ಎಂದು ಕೇಳಿದ್ದೀರಿ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿದ್ದರೆ ನೇರ ಬಸ್ ಆರಾಮ. ಪುನೋದಿಂದ ಬೆಳಿಗ್ಗೆ ಹೊರಟರೆ ಕಸಾನಿ ಗಡಿ, ಕೋಪಕಬಾನಾ, ಸಂಜೆಗೆ ಲಾ ಪಾಜ್. ನಡುವೆ ಟಿಕಿನಾ ಜಲಸಂಧಿಯಲ್ಲಿ ಎಲ್ಲರನ್ನೂ ಇಳಿಸಿ ಸಣ್ಣ ದೋಣಿಯಲ್ಲಿ ದಾಟಿಸುತ್ತಾರೆ, ಖಾಲಿ ಬಸ್ಸು ಬೇರೆ ತೆಪ್ಪದ ಮೇಲೆ ತೇಲುತ್ತ ಬರುತ್ತದೆ. ಪಾಸ್‌ಪೋರ್ಟ್ ಬಸ್ಸಿನಲ್ಲಿ ಬಿಟ್ಟು ಇಳಿಯಬೇಡಿ. ಬೊಲಿವಿಯಾದ ಗಡಿಯಾರ ಪೆರುವಿಗಿಂತ ಒಂದು ಗಂಟೆ ಮುಂದು. ಲಾ ಪಾಜ್‌ನಿಂದ ಮುಂದಿನ ಬಸ್ ಹಿಡಿಯುವ ಲೆಕ್ಕ ಹಾಕುವಾಗ ಇದನ್ನು ಮರೆತು ಬಸ್ ತಪ್ಪಿಸಿಕೊಂಡವರುಂಟು. ಒಬ್ಬರ ಕಾಗದದಲ್ಲಿ ಏನಾದರೂ ಸಂಶಯ ಉಳಿದಿದ್ದರೆ ಮಾತ್ರ ಬಿಡಿಬಿಡಿಯಾಗಿ ಹೋಗಿ: ಪುನೋದಿಂದ ಯುಂಗುಯೊವರೆಗೆ ಒಂದು ವ್ಯಾನ್, ಗಡಿಯನ್ನು ನಡೆದು ದಾಟುವುದು, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕೋಪಕಬಾನಾಕ್ಕೆ ಇನ್ನೊಂದು. ತಡವಾದರೂ ಯಾರೂ ಬಿಟ್ಟುಹೋಗುವುದಿಲ್ಲ. ಯಾವ ದಾರಿಯಲ್ಲಾದರೂ ಒಂದು ದೇಶದಿಂದ ಹೊರಟ ದಾಖಲೆ, ಇನ್ನೊಂದಕ್ಕೆ ಬಂದ ದಾಖಲೆ, ಎರಡೂ ಆಗಿದೆಯೇ ಎಂದು ನೀವೇ ನಿಂತು ಖಾತ್ರಿ ಮಾಡಿಕೊಳ್ಳಿ. ಮುದ್ರೆ ಬೀಳದೆ ಊರೊಳಗೆ ಬಂದವರಿಗೆ ಹೊರಹೋಗುವಾಗ ದಂಡ ಕಾದಿರುತ್ತದೆ.

ಇನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ ವಿಷಯ, ಆರೋಗ್ಯ. ಕುಮಾರಪರ್ವತ 1,712 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930. ಕುಸ್ಕೋ ಊರು 3,400 ಮೀಟರಿನಲ್ಲಿದೆ, ಪುನೋ 3,800 ದಾಟುತ್ತದೆ, ಲಾ ಪಾಜ್‌ಗೆ ಇಳಿಯುವ ಮೊದಲು ಸಿಗುವ ಎಲ್ ಆಲ್ಟೊ 4,100ಕ್ಕೂ ಮೇಲೆ. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಬಹಳ ಕಡಿಮೆ, ಅದಕ್ಕೆ ಒಗ್ಗಲು ದೇಹಕ್ಕೆ ದಿನಗಳು ಬೇಕು. ಮೈಕಟ್ಟು, ವಯಸ್ಸು, ಚಾರಣದ ಅಭ್ಯಾಸ ಇದರಿಂದ ಕಾಪಾಡುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಓಡಾಡಿ ಬೇಗ ಮಲಗುತ್ತಾರೆ. ಲಿಮಾ ಕಡಲತಡಿಯ ಊರು. ವಿಮಾನದ ದಣಿವಿನಲ್ಲೇ ಅಲ್ಲಿಂದ ರಾತ್ರಿ ಬಸ್ ಹತ್ತಿ, ಇಪ್ಪತ್ತು ಗಂಟೆಗೂ ಹೆಚ್ಚು ತಿರುವುಗಳಲ್ಲಿ ಓಲಾಡಿ ಕುಸ್ಕೋಗೆ ಮುಟ್ಟುವ ನಿಮ್ಮ ಯೋಜನೆಯಲ್ಲಿ ನನಗೆ ಅತಿ ಅಪಾಯದ್ದಾಗಿ ಕಂಡದ್ದು ಇದೇ.

ಬದಲಿಗೆ ಲಿಮಾದಿಂದ ಕಡಲಂಚಿನಲ್ಲೇ ದಕ್ಷಿಣಕ್ಕೆ ಇಳಿದು, ನಾಸ್ಕಾ ನೋಡಿಕೊಂಡು, 2,300 ಮೀಟರ್ ಎತ್ತರದ ಅರೆಕಿಪಾದಲ್ಲಿ ಮೂರು ರಾತ್ರಿ ಇರಿ. ಆಮೇಲೆ ಕುಸ್ಕೋ. ಮಾಚು ಪಿಚು 2,430 ಮೀಟರಿನಲ್ಲಿ, ಕುಸ್ಕೋಗಿಂತ ತಗ್ಗಿನಲ್ಲಿದೆ. ಮೊದಲ ರಾತ್ರಿಗಳನ್ನು ಮಾಚು ಪಿಚು ಕಡೆಯ ಕಣಿವೆಯಲ್ಲಿ ಕಳೆದು ಆಮೇಲೆ ಕುಸ್ಕೋ ಊರಿಗೆ ಬಂದರೂ ಸರಿ. ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಮೊದಲೆರಡು ದಿನ ಸಾಮಾನ್ಯ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನಡಿಗೆ ತೂರಾಡುವುದು, ಮಾತು ತಡವರಿಸುವುದು ಕಂಡರೆ ರಾತ್ರಿಯಾದರೂ ಕೆಳಗಿಳಿಯಬೇಕು, ಆಸ್ಪತ್ರೆ ಸೇರಬೇಕು. ಅಸೆಟಜೋಲಮೈಡ್ ಎಂಬ ಮಾತ್ರೆ ಒಗ್ಗಿಕೊಳ್ಳಲು ನೆರವಾಗುತ್ತದೆ. ಸಲ್ಫಾ ಔಷಧ ಆಗದವರು ತೆಗೆದುಕೊಳ್ಳಬಾರದು, ಆದ್ದರಿಂದ ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಪ್ರವಾಸ ವಿಮೆ ಕೊಳ್ಳುವಾಗ ಎಷ್ಟು ಎತ್ತರದವರೆಗೆ ಅನ್ವಯ ಎಂಬ ಸಣ್ಣಕ್ಷರದ ಸಾಲನ್ನು ಓದಿ. ಅರ್ಜೆಂಟೀನಾ 2025ರಿಂದ ವಿದೇಶಿ ಪ್ರವಾಸಿಗರಿಂದ ಆರೋಗ್ಯ ವಿಮೆ ಅಪೇಕ್ಷಿಸುತ್ತದೆ, ಹಾಗಾಗಿ ಅದು ಹೇಗೂ ಬೇಕು.

ಗೆಳೆಯರು ಹೇಳದೆ ಬಿಟ್ಟ ಮತ್ತೊಂದು ಸಂಗತಿ ರಸ್ತೆ ತಡೆ. ಬೊಲಿವಿಯಾದಲ್ಲಿ, ಪೆರುವಿನ ಮಲೆನಾಡಿನಲ್ಲಿ ಜನ ಸರ್ಕಾರದ ಗಮನ ಸೆಳೆಯಲು ಹೆದ್ದಾರಿಗೆ ಕಲ್ಲು ಹಾಕಿ ಕೂರುತ್ತಾರೆ. ರಾಜಧಾನಿಯಿಂದ ದೂರದ ಹಳ್ಳಿಗಳಿಗೆ ಕೈಗೆಟಕುವ ಆಯುಧ ಅದೊಂದೇ. ನಮ್ಮ ಕಾವೇರಿ ಬಂದ್ ಸಂಜೆ ಆರಕ್ಕೆ ಮುಗಿಯುತ್ತದೆ. ಅಲ್ಲಿಯದಕ್ಕೆ ಅಂಥ ಗಡುವಿಲ್ಲ. 2022ರ ಡಿಸೆಂಬರ್‌ನಲ್ಲಿ ಪೆರುವಿನ ಅಧ್ಯಕ್ಷ ಪೆಡ್ರೊ ಕಾಸ್ತಿಯೊ ಪದಚ್ಯುತರಾದ ಮೇಲೆ ಪುನೋ ಪ್ರಾಂತ್ಯದ ರಸ್ತೆಗಳು ತಿಂಗಳುಗಟ್ಟಲೆ ಅಸ್ತವ್ಯಸ್ತವಾದವು, ಮಾಚು ಪಿಚು ಕೂಡ ಮುಚ್ಚಿತು. ಇದಕ್ಕೆ ಮದ್ದು ಎರಡು. ಪ್ರತಿ ಗಡಿಗೆ ಒಂದು ಬಿಡುವಿನ ದಿನ, ಮತ್ತು ಲಾ ಪಾಜ್‌ನಿಂದಲೋ ಕುಸ್ಕೋದಿಂದಲೋ ಒಂದು ವಿಮಾನ ಟಿಕೆಟಿಗೆ ಬೇಕಾದ ಹಣ ಪಕ್ಕಕ್ಕೆ. ತಡೆಯನ್ನು ರಾತ್ರಿ ನಡೆದು ದಾಟಿಸುತ್ತೇನೆ ಎನ್ನುವವರ ಹಿಂದೆ ಹೋಗಬೇಡಿ. ಜುಲೈ 28, 29 ಪೆರುವಿನ ಸ್ವಾತಂತ್ರ್ಯೋತ್ಸವ, ಜೂನ್ 24 ಕುಸ್ಕೋದ ಇಂತಿ ರಾಯ್ಮಿ ಹಬ್ಬ. ಆ ದಿನಗಳ ಹಿಂದೆಮುಂದೆ ಬಸ್ಸಿನ ಸೀಟು ಮೊದಲೇ ಹಿಡಿದಿಡಿ.

ದುಡ್ಡನ್ನು ಕಾರ್ಡಿನಲ್ಲೂ ಡಾಲರ್ ನೋಟಿನಲ್ಲೂ ಹಂಚಿಕೊಳ್ಳಿ. ರೂಪಾಯಿ ಅಲ್ಲಿ ಯಾರಿಗೂ ಬೇಡ. ಬೊಲಿವಿಯಾದ ನಿಲ್ದಾಣಗಳಲ್ಲಿ ಬಸ್ ಹತ್ತುವ ಮೊದಲು ಸಣ್ಣ ನಿಲ್ದಾಣ ಶುಲ್ಕ ಕಟ್ಟಿ ಚೀಟಿ ಪಡೆಯಬೇಕು, ಅದಕ್ಕೆ ಚಿಲ್ಲರೆ ಇರಲಿ. ರಾತ್ರಿ ಬಸ್ಸಿನ ಹೀಟರನ್ನು ನಂಬಬೇಡಿ. ಜುಲೈನಲ್ಲಿ ಉಯುನಿಯ ರಾತ್ರಿ ಶೂನ್ಯಕ್ಕಿಂತ ಎಷ್ಟೋ ಕೆಳಗೆ. ಊಟಕ್ಕೆ, ಮಾಂಸ ಬೇಡ ಎಂದಷ್ಟೇ ಹೇಳಿದರೆ ತಟ್ಟೆಯಲ್ಲಿ ಕೋಳಿ ಬರುತ್ತದೆ, ಕೋಳಿ, ಮೀನು ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ತರಕಾರಿ ಸೂಪಿಗೂ ಮೂಳೆಯ ರಸ ಹಾಕಿರುವುದುಂಟು. ಆಲೂಗಡ್ಡೆ, ಚೀಸ್ ಜೊತೆಗಿನ ಬೇಯಿಸಿದ ಜೋಳದ ತೆನೆ, ಮೊಟ್ಟೆ ತಿನ್ನುವುದಾದರೆ ಮೊಟ್ಟೆ, ಎಲ್ಲ ಕಡೆ ಸಿಗುತ್ತವೆ. ಬಸ್ಸಿನವರು ಕೊಡುವ ಪೊಟ್ಟಣದ ಮೇಲೆ ಭರವಸೆ ಇಡಬೇಡಿ.

ಕೊನೆಗೆ ಮರಳಿ ಬರುವ ವಿಚಾರ, ಏಕೆಂದರೆ ಇದನ್ನು ಈಗಲೇ ಮಾಡಬೇಕು. ಪೆರು, ಬೊಲಿವಿಯಾ, ಅರ್ಜೆಂಟೀನಾ ಮೂರೂ ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿವೆ. ಲಸಿಕೆ ಪತ್ರವಿಲ್ಲದೆ ಆ ಕಡೆಯಿಂದ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿರಿಸಬಹುದು. ನೀವು ಹೋಗುವುದು ಚಳಿಯ ಬೆಟ್ಟಗಳಿಗೆ, ಅಲ್ಲಿ ಆ ಜ್ವರ ಹರಡುವ ಸೊಳ್ಳೆ ಇಲ್ಲ ಎಂಬ ವಾದ ಕೌಂಟರಿನಲ್ಲಿ ನಡೆಯುವುದಿಲ್ಲ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಲಸಿಕೆ ಹಾಕಿಸಿ, ಅದು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಆಗಿರಬೇಕು; ಕೇಂದ್ರಗಳಲ್ಲಿ ದಾಸ್ತಾನು ಮುಗಿದಿರುವುದೂ ಉಂಟು, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಮೊಟ್ಟೆಯ ಅಲರ್ಜಿ ಅಥವಾ ಗರ್ಭಧಾರಣೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಹಾಗೆಯೇ, ಕುಸ್ಕೋ ಹೋಟೆಲುಗಳಲ್ಲಿ ಎತ್ತರದ ತಲೆನೋವಿಗೆಂದು ಕೊಡುವ ಕೋಕಾ ಎಲೆಯ ಚಹಾವನ್ನು ಅಲ್ಲಿ ಧಾರಾಳವಾಗಿ ಕುಡಿಯಿರಿ, ಪೆರುವಿನಲ್ಲೂ ಬೊಲಿವಿಯಾದಲ್ಲೂ ಅದು ಕಾನೂನುಬದ್ಧ. ಅದರ ಒಂದು ಪೊಟ್ಟಣವನ್ನೂ ನೆನಪಿಗೆಂದು ಚೀಲದಲ್ಲಿ ಉಳಿಸಿಕೊಳ್ಳಬೇಡಿ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಕೋಕಾ ಎಲೆ ನಿಷಿದ್ಧ.